ಡೇವ್ ಹಾಲೆಂಡ್ ಅವರ ‘ಕಾನ್ಫರೆನ್ಸ್ ಆಫ್ ದ ಬರ್ಡ್ಸ್’: ಬೇಸ್ ಹಿಡಿದುಕೊಂಡು ಕೇಳಬೇಕಾದ ಆಲ್ಬಂ

ಫ್ರೀ ಜಾಝ್ (ಕಟ್ಟುಪಾಡು ಬಿಟ್ಟು, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವ ಜಾಝ್) ಅಂದ ಕೂಡಲೇ ಓಡಿಹೋಗುವವರು ಬಹಳ ಜನ. ಅವರದ್ದು ತಪ್ಪು ಅಂತ ನಾನೇನೂ ಹೇಳುವುದಿಲ್ಲ. ಎರಡು ಸ್ಯಾಕ್ಸೋಫೋನ್ ಒಟ್ಟೊಟ್ಟಿಗೆ ಕಿರುಚುತ್ತಿರುತ್ತವೆ, ಡ್ರಮ್ಸ್‌ನವರು ತಮ್ಮ ಪಾಡಿಗೆ ಏನೋ ಬಾರಿಸುತ್ತಿರುತ್ತಾರೆ, ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಒಂದೂ ಗೊತ್ತಾಗುವುದಿಲ್ಲ, ಅರ್ಧ ಗಂಟೆ ಕೇಳಿ ತಲೆನೋವು ತರಿಸಿಕೊಂಡು ‘ಇದು ನಮಗಲ್ಲ ಬಿಡಿ’ ಅಂತ ಎದ್ದುಹೋಗುತ್ತಾರೆ. ಅಂಥವರಿಗೆ ಕೇಳಿಸಲು ನನ್ನ ಹತ್ತಿರ ಇರುವುದು ಈ ಆಲ್ಬಂ. ಇದೂ ಫ್ರೀ ಜಾಝೇ. ಆದರೆ ಇದರಲ್ಲಿ ಹಿಡಿದುಕೊಳ್ಳಲು ಒಂದು ಕೈ ಇದೆ. ಆ ಕೈ ಡೇವ್ ಹಾಲೆಂಡ್ ಅವರದ್ದು. ಅವರು ನುಡಿಸುವುದು ಡಬಲ್ ಬೇಸ್, ಅಂದರೆ ಆಳೆತ್ತರದ, ಕೆಳಗಿನ ಸ್ವರಗಳ ತಂತಿವಾದ್ಯ.

ಮೊದಲು ಆಲ್ಬಂ ಏನು ಅಂತ ಹೇಳಿಬಿಡುತ್ತೇನೆ. 1972ರ ನವೆಂಬರ್ 30ರಂದು ನ್ಯೂಯಾರ್ಕಿನಲ್ಲಿ ಒಂದೇ ದಿನದಲ್ಲಿ ರೆಕಾರ್ಡ್ ಆಗಿದ್ದು. ಹೊರಬಂದದ್ದು 1973ರಲ್ಲಿ, ಜರ್ಮನಿಯ ಮ್ಯೂನಿಕ್‌ನ ಇಸಿಎಂ ಕಂಪನಿಯಿಂದ. ಒಟ್ಟು ಆರು ಟ್ರ್ಯಾಕ್, ಎಲ್ಲ ಸೇರಿ ಸುಮಾರು 40 ನಿಮಿಷ. ಆರೂ ಹಾಲೆಂಡ್ ಅವರೇ ಬರೆದದ್ದು. ತಂಡದ ನಾಯಕರಾಗಿ ಅವರಿಗೆ ಇದು ಮೊದಲನೆಯ ಆಲ್ಬಂ, ಆಗ ಅವರ ವಯಸ್ಸು 26. ಐವತ್ತು ವರ್ಷ ದಾಟಿದ ಆಲ್ಬಂ ಬಗ್ಗೆ ಈಗ ಯಾಕೆ ಅಂದರೆ, ಈಗ ಬರುತ್ತಿರುವ ಎಷ್ಟೋ ‘ಮಾಡರ್ನ್ ಜಾಝ್’ ಆಲ್ಬಂಗಳಿಗಿಂತ ಇದೇ ಹೊಸದಾಗಿ ಕೇಳಿಸುತ್ತದೆ. ಅಷ್ಟೇ.

ಹಾಲೆಂಡ್ ಇಂಗ್ಲೆಂಡಿನವರು. 1946ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಹುಟ್ಟಿದರು. ಹದಿನೈದಕ್ಕೆ ಶಾಲೆ ಬಿಟ್ಟು ಬ್ಯಾಂಡುಗಳಲ್ಲಿ ನುಡಿಸುತ್ತಾ, ಆಮೇಲೆ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆ ಸೇರಿದರು. 1968ರಲ್ಲಿ ಅಲ್ಲಿನ ರಾನಿ ಸ್ಕಾಟ್ಸ್ ಜಾಝ್ ಕ್ಲಬ್ಬಿನಲ್ಲಿ ಪಿಯಾನೋದ ಬಿಲ್ ಎವಾನ್ಸ್ ಅವರ ಕಾರ್ಯಕ್ರಮಕ್ಕೆ ಮುಂಚೆ ನುಡಿಸುವ ತಂಡದಲ್ಲಿ ಇದ್ದರು. ಕೇಳಲು ಬಂದವರಲ್ಲಿ ಜಾಝಿನ ದೊಡ್ಡ ಹೆಸರು, ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಕೂಡ ಒಬ್ಬರು! ಡೇವಿಸ್‌ಗೆ ನೀನು ಬೇಕಂತೆ ಅನ್ನುವ ಸುದ್ದಿಯನ್ನು ಡ್ರಮ್ಮರ್ ಫಿಲ್ಲಿ ಜೋ ಜೋನ್ಸ್ ಬಂದು ಮುಟ್ಟಿಸಿದರು. ಕೆಲವು ವಾರ ಕಳೆದ ಮೇಲೆ ಫೋನ್ ಬಂತು, ಮೂರು ದಿನದಲ್ಲಿ ನ್ಯೂಯಾರ್ಕಿಗೆ ಬಾ ಅಂತ. ಸುಮ್ನೆ ಯೋಚಿಸಿ, ಡೇವಿಸ್ ತಂಡದಲ್ಲಿ ಬೇಸ್‌ನ ರಾನ್ ಕಾರ್ಟರ್ ನಿಂತಿದ್ದ ಜಾಗ ಅದು, ಅಲ್ಲಿಗೆ ಹೋದದ್ದು ಇಪ್ಪತ್ತೊಂದರ ಹುಡುಗ. ಡೇವಿಸ್ ಅವರ ‘ಇನ್ ಎ ಸೈಲೆಂಟ್ ವೇ’, ‘ಬಿಚಸ್ ಬ್ರೂ’ ಎರಡೂ ಆಲ್ಬಂಗಳಲ್ಲಿ ಇರುವ ಬೇಸ್ ಅವರದ್ದೇ (ಎರಡನೆಯದರಲ್ಲಿ ಜೊತೆಗೆ ಇನ್ನೊಬ್ಬರೂ ಇದ್ದಾರೆ). 1970ರಲ್ಲಿ ಐಲ್ ಆಫ್ ವೈಟ್ ಉತ್ಸವದಲ್ಲಿ ಲಕ್ಷಾಂತರ ಜನರ ಮುಂದೆ ನುಡಿಸಿದರು. ಅದಾದ ಮೇಲೆ ಅವರೂ ಪಿಯಾನೋದ ಚಿಕ್ ಕೊರಿಯಾ ಅವರೂ ಡೇವಿಸ್ ತಂಡ ಬಿಟ್ಟರು.

ಯಾಕೆ ಬಿಟ್ಟರು ಅನ್ನುವುದು ಈ ಆಲ್ಬಂ ಕೇಳಿದರೆ ಅರ್ಥ ಆಗುತ್ತದೆ. ಡೇವಿಸ್ ರಾಕ್, ಫಂಕ್ ಕಡೆಗೆ ಹೊರಟಿದ್ದರು, ವಿದ್ಯುತ್ ವಾದ್ಯಗಳು ಜಾಸ್ತಿ ಆಗುತ್ತಿದ್ದವು. ಅಂಥ ಸಂಗೀತದಲ್ಲಿ ಬೇಸ್‌ನವರಿಗೆ ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುವ ಕೆಲಸ. ಹಾಲೆಂಡ್, ಕೊರಿಯಾ ಇಬ್ಬರಿಗೂ ಬೇಕಾಗಿದ್ದದ್ದು ಅದಕ್ಕೆ ಉಲ್ಟಾ: ಮರದ ವಾದ್ಯ, ಚಿಕ್ಕ ತಂಡ, ಪೂರ್ತಿ ಸ್ವಾತಂತ್ರ್ಯ. ಅದಕ್ಕೇ ‘ಸರ್ಕಲ್’ ಅನ್ನುವ ತಂಡ ಕಟ್ಟಿದರು. ಅದರಲ್ಲಿ ಸ್ಯಾಕ್ಸೋಫೋನಿಗೆ ಆಂಥನಿ ಬ್ರ್ಯಾಕ್ಸ್‌ಟನ್, ಡ್ರಮ್ಸ್‌ಗೆ ಬ್ಯಾರಿ ಆಲ್ಟ್‌ಶುಲ್. ಆ ತಂಡ 1971ರಲ್ಲೇ ಒಡೆಯಿತು. ಕೊರಿಯಾ ಬೇರೆ ದಾರಿ ಹಿಡಿದರು. ಉಳಿದ ಮೂವರ ಜೊತೆಗೆ ಸ್ಯಾಮ್ ರಿವರ್ಸ್ ಸೇರಿಕೊಂಡರೆ ಈ ಆಲ್ಬಂನ ತಂಡ ಆಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಪಿಯಾನೋ ಹೋಯಿತು, ಆ ಜಾಗಕ್ಕೆ ಇನ್ನೊಂದು ಪಿಯಾನೋ ಬರಲಿಲ್ಲ. ಗಿಟಾರೂ ಇಲ್ಲ. ಅಂದರೆ ಕೆಳಗಿನಿಂದ ಸ್ವರಗಳ ಚಾಪೆ ಹಾಸಿಕೊಡುವವರು ಯಾರೂ ಇಲ್ಲ. ಇರುವುದು ಎರಡು ಊದುವ ವಾದ್ಯ, ಒಂದು ಬೇಸ್, ಒಂದು ಡ್ರಮ್ಸ್. ಹೀಗಾದಾಗ ಊದುವವರಿಗೆ ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ ಸಿಗುತ್ತದೆ. ಅವರು ಈಗ ಎಲ್ಲಿದ್ದಾರೆ ಅಂತ ಕೇಳುಗರಿಗೆ ತಿಳಿಸುವ ಭಾರವೆಲ್ಲ ಬೇಸಿನ ಮೇಲೆ ಬೀಳುತ್ತದೆ. ಬೇಸ್‌ನವರು ತಂಡದ ನಾಯಕರಾದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಾಲೆಂಡ್ ಮುಂದೆ ಬಂದು ನಿಲ್ಲುವುದಿಲ್ಲ. ಉದ್ದುದ್ದ ಸೋಲೋ ಹೊಡೆಯುವುದಿಲ್ಲ. ತಮ್ಮ ವಾದ್ಯವನ್ನು ಜೋರಾಗಿ ಕೇಳಿಸಲು ಉಳಿದವರ ದನಿ ಇಳಿಸಿಲ್ಲ. ರಾಗ ಬರೆದು ಕೊಟ್ಟಿದ್ದಾರೆ, ಲಯ ಹಿಡಿದಿದ್ದಾರೆ, ಉಳಿದದ್ದನ್ನು ತಂಡಕ್ಕೆ ಬಿಟ್ಟಿದ್ದಾರೆ.

ಹಾಗಾಗಿ ಕೇಳುವ ಕ್ರಮ ಹೀಗೆ. ಸ್ಯಾಕ್ಸೋಫೋನ್ ಹಿಂದೆ ಹೋಗಬೇಡಿ. ಬೇಸ್ ಹಿಡಿದುಕೊಳ್ಳಿ, ಜಾತ್ರೆಯಲ್ಲಿ ಮಕ್ಕಳು ದೊಡ್ಡವರ ಬೆರಳು ಹಿಡಿದುಕೊಂಡ ಹಾಗೆ. ಸುತ್ತ ಏನೇ ಗದ್ದಲ ಆಗಲಿ, ಆ ಬೆರಳು ಒಂದು ಕಡೆ ನಡೆಯುತ್ತಲೇ ಇರುತ್ತದೆ, ನೀವೂ ಅದರ ಜೊತೆ ನಡೆದರೆ ಗದ್ದಲವೇ ಸಂಭ್ರಮವಾಗಿ ಕೇಳಿಸುತ್ತದೆ.

ಮೊದಲ ಟ್ರ್ಯಾಕ್ ‘ಫೋರ್ ವಿಂಡ್ಸ್’ ಇದಕ್ಕೆ ಸರಿಯಾದ ಪರೀಕ್ಷೆ. ಶುರುವಿನಲ್ಲಿ ಎರಡೂ ಸ್ಯಾಕ್ಸ್ ಸೇರಿ ಒಂದು ವಕ್ರ ರಾಗ ನುಡಿಸುತ್ತವೆ. ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಒಮ್ಮೆ ಕೇಳಿದರೆ ಸಾಕು, ಇಡೀ ದಿನ ತಲೆಯಲ್ಲೇ ಸುತ್ತುತ್ತಿರುತ್ತದೆ. ಇಂಥ ರಾಗ ಬರೆಯುವುದೇ ಹಾಲೆಂಡ್ ಅವರ ಶಕ್ತಿ. ಮುಂದೆ ತಂಡ ಎಷ್ಟೇ ದೂರ ಹೋದರೂ ಆ ರಾಗದ ಚೂರುಗಳು ಎಲ್ಲೋ ಒಂದು ಕಡೆ ಕಾಣಿಸುತ್ತಿರುತ್ತವೆ. ರಾಗ ಮುಗಿದ ಮೇಲೆ ಬೇಸ್ ಮತ್ತು ಡ್ರಮ್ಸ್ ಒಂದೇ ಸಮನೆ ಓಡಲು ಶುರು ಮಾಡುತ್ತವೆ. ಇದು ಸ್ವಿಂಗ್, ಅಂದರೆ ತೂಗುತ್ತಾ ಓಡುವ ಲಯ, ಹಳೆಯ ಜಾಝಿನ ಸ್ವಿಂಗೇ. ಕಾಲು ತಾನಾಗಿಯೇ ಕುಣಿಯುತ್ತದೆ. ಮೇಲೆ ಸ್ಯಾಕ್ಸ್ ಯಾವ ನಿಯಮಕ್ಕೂ ಸಿಗದೆ ಹಾರಾಡುತ್ತಿದ್ದರೂ ಕೆಳಗೆ ಕಾಲು ಕುಣಿಯುತ್ತಲೇ ಇರುತ್ತದೆ. ಎರಡೂ ಒಟ್ಟಿಗೆ ಸಾಧ್ಯ ಅಂತ ತೋರಿಸುವುದೇ ಈ ಆಲ್ಬಂ.

ಇಬ್ಬರು ಸ್ಯಾಕ್ಸ್‌ನವರನ್ನು ಬೇರೆ ಬೇರೆಯಾಗಿ ಗುರುತಿಸಲು ಸ್ವಲ್ಪ ಹೊತ್ತು ಬೇಕು. ರಿವರ್ಸ್ ಆಗ 49ರ ಹಿರಿಯರು. 1964ರಲ್ಲಿ ಸ್ವಲ್ಪ ಕಾಲ ಮೈಲ್ಸ್ ಡೇವಿಸ್ ತಂಡದಲ್ಲಿ ಇದ್ದು ಜಪಾನಿಗೆ ಹೋಗಿ ಬಂದವರು. ಮ್ಯಾನ್‌ಹ್ಯಾಟನ್‌ನ ಬಾಂಡ್ ಸ್ಟ್ರೀಟಿನಲ್ಲಿ ಹೆಂಡತಿ ಬೀ ಜೊತೆ ಸೇರಿ ‘ಸ್ಟುಡಿಯೋ ರಿವ್‌ಬೀ’ ಅಂತ ಒಂದು ಜಾಗ ನಡೆಸುತ್ತಿದ್ದರು, ಕ್ಲಬ್ಬುಗಳಲ್ಲಿ ಅವಕಾಶ ಸಿಗದ ಎಷ್ಟೋ ಕಲಾವಿದರಿಗೆ ಅದೇ ವೇದಿಕೆ ಆಗಿತ್ತು. ಅವರ ಟೆನರ್ ಸ್ಯಾಕ್ಸ್ ದಪ್ಪ ದನಿಯದ್ದು, ಹರಿಯುತ್ತಾ ಹೋಗುತ್ತದೆ, ಬ್ಲೂಸಿನ ವಾಸನೆ ಬಿಟ್ಟಿಲ್ಲ. ಬ್ರ್ಯಾಕ್ಸ್‌ಟನ್ ಷಿಕಾಗೋದ ಹುಡುಗ, ಆಗ 27. ಒಬ್ಬರೇ ಆಲ್ಟೋ ಸ್ಯಾಕ್ಸ್ ಹಿಡಿದು ಎರಡು ಎಲ್‌ಪಿಯಷ್ಟು ನುಡಿಸಿ ಆಗಲೇ ಸುದ್ದಿ ಮಾಡಿದ್ದರು. ಅವರದ್ದು ಒಣ ದನಿ, ಕೋನ ಕೋನ. ಒಂದು ಸ್ವರದಿಂದ ಎಲ್ಲೋ ದೂರದ ಇನ್ನೊಂದು ಸ್ವರಕ್ಕೆ ಜಿಗಿಯುತ್ತಾರೆ, ಮಧ್ಯೆ ಮೆಟ್ಟಿಲೇ ಇರುವುದಿಲ್ಲ. ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಕೇಳಿ ಬೆಳೆದ ನಮಗೆ ಇದು ಮೊದಲಿಗೆ ಸ್ವಲ್ಪ ಕಷ್ಟವೇ. ಕದ್ರಿಯವರು ಆ ವಾದ್ಯವನ್ನು ಗಮಕಕ್ಕೆ ಬಗ್ಗಿಸಿ, ಸ್ವರದಿಂದ ಸ್ವರಕ್ಕೆ ಜಾರುವ ಹಾಗೆ ಮಾಡಿದವರು. ಬ್ರ್ಯಾಕ್ಸ್‌ಟನ್ ಜಾರುವುದೇ ಇಲ್ಲ. ಆದರೆ ರಿವರ್ಸ್ ಪಕ್ಕದಲ್ಲಿದ್ದಾಗ ಈ ಒರಟುತನವೇ ಚೆನ್ನ, ಇಬ್ಬರೂ ಒಂದೇ ಥರ ಊದಿದ್ದರೆ ಬೇಜಾರಾಗುತ್ತಿತ್ತು.

ಈಗ ಮೂರನೆಯ ಟ್ರ್ಯಾಕ್ ಬಗ್ಗೆ. ಆಲ್ಬಂಗೆ ಹೆಸರು ಕೊಟ್ಟದ್ದು ಇದೇ. ಉಳಿದದ್ದು ಯಾವುದೂ ಬೇಡ ಅಂದರೂ ಇದೊಂದನ್ನು ಕೇಳಲೇಬೇಕು. ಹಾಲೆಂಡ್ ಲಂಡನ್ನಿನಲ್ಲಿ ಇದ್ದಾಗ ಅವರ ಮನೆಗೆ ಒಂದು ಪುಟ್ಟ ಕೈತೋಟ ಇತ್ತಂತೆ. ಬೇಸಿಗೆಯಲ್ಲಿ ಬೆಳಗಿನ ಜಾವ ನಾಲ್ಕು ಐದು ಗಂಟೆಗೆ ಹಕ್ಕಿಗಳು ಒಂದೊಂದಾಗಿ ಅಲ್ಲಿ ಬಂದು ಸೇರಿ ಹಾಡುತ್ತಿದ್ದವಂತೆ. ಒಂದೊಂದರದ್ದು ಒಂದೊಂದು ಹಾಡು, ಆದರೂ ಎಲ್ಲ ಒಟ್ಟಿಗೆ. ಇದನ್ನು ಅವರೇ ಆಲ್ಬಂನ ಟಿಪ್ಪಣಿಯಲ್ಲಿ ಬರೆದಿದ್ದಾರೆ. ಸಾಮಾನ್ಯವಾಗಿ ಇಂಥ ಕಥೆಗಳನ್ನು ನಾನು ನಂಬುವುದು ಕಡಿಮೆ, ಹೆಸರು ಇಟ್ಟಮೇಲೆ ಕಥೆ ಕಟ್ಟುವವರೇ ಜಾಸ್ತಿ ಅಲ್ವಾ? ಇಲ್ಲಿ ಮಾತ್ರ ಕಥೆಗೂ ಸಂಗೀತಕ್ಕೂ ತಾಳೆ ಇದೆ.

ಶುರುವಿನಲ್ಲಿ ಬರೀ ಬೇಸ್. ಒಬ್ಬರೇ, ಯಾವ ಅವಸರವೂ ಇಲ್ಲದೆ ತಂತಿ ಮೀಟುತ್ತಾ ಇರುತ್ತಾರೆ. ನಮ್ಮ ಕಿವಿಗೆ ಅದು ಚಿಕ್ಕ ಆಲಾಪನೆ ಅಂತಲೇ ಅನಿಸುತ್ತದೆ. ಆಮೇಲೆ ಒಂದು ತುಣುಕು ನಿಲ್ಲುತ್ತದೆ, ಅದೇ ಮತ್ತೆ ಮತ್ತೆ ಬರಲು ಶುರುವಾಗುತ್ತದೆ. ಎಣಿಸಿ ನೋಡಿ, ಐದು. ಪಾಶ್ಚಾತ್ಯ ಕೇಳುಗರಿಗೆ ಐದರ ಎಣಿಕೆ ಕುಂಟಿದ ಹಾಗೆ ಅನಿಸಬಹುದು. ಖಂಡಛಾಪು ಕೇಳಿದ ಕೈಗೆ ಅದೇನೂ ಹೊಸದಲ್ಲ, ತೊಡೆ ತಟ್ಟಿಕೊಂಡೇ ಕೇಳಬಹುದು. ಅದರ ಮೇಲೆ ರಿವರ್ಸ್ ಅವರ ಫ್ಲೂಟ್ ಬರುತ್ತದೆ, ಬ್ರ್ಯಾಕ್ಸ್‌ಟನ್ ಅವರ ಸೋಪ್ರಾನೋ ಸ್ಯಾಕ್ಸ್ ಬರುತ್ತದೆ. ‘ಫೋರ್ ವಿಂಡ್ಸ್’ನಲ್ಲಿ ಅಷ್ಟು ಗಲಾಟೆ ಮಾಡಿದವರು ಇವರೇನಾ ಅನಿಸುವಷ್ಟು ಮೃದು. ಆಲ್ಟ್‌ಶುಲ್ ಡ್ರಮ್ಸ್ ಬಿಟ್ಟು ಮರಿಂಬಾ ನುಡಿಸುತ್ತಾರೆ, ಅಂದರೆ ಮರದ ಪಟ್ಟಿಗಳನ್ನು ಕೋಲಿನಿಂದ ಬಡಿಯುವ ವಾದ್ಯ. ಅದರ ಟಕಟಕ ಸೇರಿಕೊಂಡ ಮೇಲೆ ಇಡೀ ಹಾಡು ಮರ, ಬಿದಿರು, ಗಾಳಿ ಇಷ್ಟರಿಂದಲೇ ಆದದ್ದು ಅನಿಸುತ್ತದೆ. ಫ್ಲೂಟ್ ಒಂದು ಸಾಲು ಹೇಳುತ್ತದೆ, ಸೋಪ್ರಾನೋ ಅದರ ಸುತ್ತ ಇನ್ನೊಂದು ಸಾಲು ಹೆಣೆಯುತ್ತದೆ. ಯಾರು ಮುಂದೆ ಯಾರು ಹಿಂದೆ ಹೇಳಲು ಬರುವುದಿಲ್ಲ. ಇಷ್ಟೆಲ್ಲ ಆಗಿ, ಇನ್ನೂ ಬೇಕು ಅನ್ನುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಬರೀ ನಾಲ್ಕೂವರೆ ನಿಮಿಷ! ನನ್ನ ಮೊದಲ ದೂರು ಇದೇ. ಬೇರೆ ಕಡೆ ಎಂಟು ನಿಮಿಷ ಗುದ್ದಾಡುವವರು ಇದಕ್ಕೆ ಇನ್ನೊಂದೆರಡು ನಿಮಿಷ ಕೊಡಬಾರದಿತ್ತಾ?

ಎರಡನೆಯ ದೂರು ಕ್ರಮದ ಬಗ್ಗೆ. ಮೊದಲ ಟ್ರ್ಯಾಕಿಗೂ ಈ ಮೂರನೆಯದಕ್ಕೂ ಮಧ್ಯೆ ‘ಕ್ಯೂ ಅಂಡ್ ಎ’ ಅಂತ ಒಂದನ್ನು ಇಟ್ಟಿದ್ದಾರೆ. ಎಂಟೂವರೆ ನಿಮಿಷದ್ದು. ಹೆಸರೇ ಹೇಳುವ ಹಾಗೆ ಪ್ರಶ್ನೋತ್ತರ: ಒಬ್ಬರು ಒಂದು ಚೂರು ನುಡಿಸಿ ಬಿಡುತ್ತಾರೆ, ಇನ್ನೊಬ್ಬರು ಉತ್ತರ ಕೊಡುತ್ತಾರೆ, ಮಧ್ಯೆ ಗಂಟೆ, ಕಡ್ಡಿ ಥರದ ಚಿಕ್ಕ ಚಿಕ್ಕ ಸದ್ದುಗಳು. ಹೊಸಬರು ಆಲ್ಬಂ ಬಿಟ್ಟು ಏಳುವುದು ಇಲ್ಲೇ, ಮೂರನೆಯದನ್ನು ಮುಟ್ಟುವುದೇ ಇಲ್ಲ. ಟ್ರ್ಯಾಕ್ ಕೆಟ್ಟದ್ದು ಅಂತ ಅಲ್ಲ. ಇಲ್ಲಿ ಬೇಸ್ ಕೂಡ ಕೈ ಬಿಡುತ್ತದೆ, ಅದೂ ಉಳಿದವರ ಜೊತೆ ಮಾತಿಗೆ ಇಳಿಯುತ್ತದೆ, ಹಾಗಾಗಿ ಕೇಳುವವರಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಆಲ್ಬಂ ಅಂದರೆ ಮೊದಲಿನಿಂದ ಕೊನೆವರೆಗೆ ಅದೇ ಕ್ರಮದಲ್ಲಿ ಕೇಳಬೇಕು ಅನ್ನುವವನು ನಾನು, ಆದರೂ ಇಲ್ಲಿ ಹೇಳುತ್ತೇನೆ: ಮೊದಲ ಸಲ ಎರಡನೆಯದನ್ನು ಹಾರಿಸಿ. ಒಂದು, ಮೂರು, ನಾಲ್ಕು, ಐದು, ಆರು ಕೇಳಿ. ಎರಡು ವಾರ ಬಿಟ್ಟು ಅದಕ್ಕೆ ವಾಪಸ್ ಬನ್ನಿ. ಆಗ ನಾಲ್ವರ ದನಿಯೂ ನಿಮಗೆ ಪರಿಚಯ ಇರುತ್ತದೆ, ಯಾರು ಯಾರನ್ನು ಕೆಣಕುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

‘ಇಂಟರ್‌ಸೆಪ್ಷನ್’ ವೇಗದ್ದು, ಉಸಿರು ಬಿಡಲು ಬಿಡುವುದಿಲ್ಲ. ಡ್ರಮ್ಸ್ ಕಲಿಯುವವರು ಇದರಲ್ಲಿ ಆಲ್ಟ್‌ಶುಲ್ ಅವರನ್ನು ಮಾತ್ರ ಕೇಳಬೇಕು. ಅಷ್ಟು ವೇಗದಲ್ಲೂ ಅವರ ಪೆಟ್ಟು ಹಗುರ, ಸಿಂಬಲ್ ಸದ್ದಿನಲ್ಲಿ ಬೇಸ್ ಮುಳುಗಿಹೋಗುವುದಿಲ್ಲ. ‘ನೌ ಹಿಯರ್’ ನಿಧಾನದ್ದು, ಉದ್ದುದ್ದ ಸ್ವರಗಳು. ಚೆನ್ನಾಗಿದೆ, ಆದರೆ ಮೂರನೆಯ ಟ್ರ್ಯಾಕಿನ ನೆರಳಿನಲ್ಲಿ ಕಳೆದುಹೋಗುತ್ತದೆ ಅನಿಸಿತು. ಕೊನೆಯ ‘ಸೀ ಸಾ’ ಮತ್ತೆ ಸ್ವಿಂಗ್. ಮೇಲೆ ಕೆಳಗೆ ಆಡುವ ತುಂಟ ರಾಗ, ಆಲ್ಬಂ ಮುಗಿಸಲು ಅದು ಸರಿಯಾಗಿದೆ.

ಸದ್ದಿನ ಗುಣಮಟ್ಟದ ಬಗ್ಗೆ ಎರಡು ಮಾತು. ಇಸಿಎಂ ಅಂದರೆ ಎಲ್ಲರಿಗೂ ನೆನಪಾಗುವುದು ಆ ಸ್ವಚ್ಛ, ಸ್ವಲ್ಪ ಪ್ರತಿಧ್ವನಿ ಇರುವ, ದೊಡ್ಡ ಖಾಲಿ ಹಾಲಿನಲ್ಲಿ ಕೂತು ಕೇಳಿದಂಥ ಸದ್ದು. ಆ ಹೆಸರು ಬಂದದ್ದು ಮುಖ್ಯವಾಗಿ ಆಸ್ಲೋದಲ್ಲಿ ಮಾಡಿದ ರೆಕಾರ್ಡಿಂಗುಗಳಿಂದ. ಇದು ನ್ಯೂಯಾರ್ಕಿನದು, ಹಾಗಾಗಿ ಸದ್ದು ಒಣಗಿದೆ, ಹತ್ತಿರದಿಂದ ಬರುತ್ತದೆ. ಕೆಲವರಿಗೆ ಇದು ಇಷ್ಟವಾಗುವುದಿಲ್ಲ. ನನಗೆ ಇದೇ ಸರಿ, ಇಂಥ ಸಂಗೀತಕ್ಕೆ ಪ್ರತಿಧ್ವನಿ ಸೇರಿದ್ದರೆ ಕಲಸುಮೇಲೋಗರ ಆಗುತ್ತಿತ್ತು. ಡ್ರಮ್ಸ್ ಮಾತ್ರ ಇನ್ನೂ ಸ್ವಲ್ಪ ತುಂಬಿಕೊಂಡಿರಬೇಕಿತ್ತು, ತೆಳ್ಳಗೆ ಕೇಳಿಸುತ್ತದೆ. ಬೇಸ್ ಚೆನ್ನಾಗಿ ಬಂದಿದೆ, ಬೆರಳು ತಂತಿಗೆ ತಾಗುವ ಸದ್ದೂ ಕೇಳುತ್ತದೆ. ಇಸಿಎಂ ಕಟ್ಟಿದ, ಈ ಆಲ್ಬಂ ನಿರ್ಮಿಸಿದ ಮಾನ್‌ಫ್ರೆಡ್ ಐಕರ್ ಅವರೂ ಮೊದಲು ಬೇಸ್ ನುಡಿಸುತ್ತಿದ್ದವರೇ. ಆ ಪ್ರೀತಿ ಕೆಲಸ ಮಾಡಿರಬಹುದು.

ದಯವಿಟ್ಟು ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅಷ್ಟು ಚಿಕ್ಕ ಸ್ಪೀಕರಿನಿಂದ ಕೆಳಗಿನ ಸ್ವರಗಳು ಹೊರಬರುವುದೇ ಇಲ್ಲ, ಬೇಸ್ ಪೂರ್ತಿ ಮಾಯ. ಉಳಿಯುವುದು ಎರಡು ಸ್ಯಾಕ್ಸೋಫೋನಿನ ಕಿರುಚಾಟ, ಮೊದಲೇ ಹೇಳಿದ ತಲೆನೋವು ಬರುವುದು ಅಲ್ಲಿಂದಲೇ. ತುಂಬಾ ದುಬಾರಿಯದ್ದೇನೂ ಬೇಡ, ಕಿವಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು. ಕಾರಿನಲ್ಲೂ ಬೇಡ, ನಮ್ಮ ರಸ್ತೆಗಳಲ್ಲಿ ಎಂಜಿನ್ ಸದ್ದು, ಗುಂಡಿಯ ಸದ್ದು ಎಲ್ಲ ಬೇಸ್ ಇರುವ ಜಾಗದಲ್ಲೇ ಬಂದು ಕೂರುತ್ತವೆ.

ಇಸಿಎಂನವರು ಬಹಳ ವರ್ಷ ತಮ್ಮ ಆಲ್ಬಂಗಳನ್ನು ಸ್ಟ್ರೀಮಿಂಗ್‌ಗೆ ಕೊಟ್ಟಿರಲಿಲ್ಲ, ಸಿಡಿ ಅಥವಾ ಎಲ್‌ಪಿ ತರಿಸಿಕೊಂಡೇ ಕೇಳಬೇಕಿತ್ತು. 2017ರ ನವೆಂಬರಿನಲ್ಲಿ ಬಾಗಿಲು ತೆರೆದರು. ಆದ್ದರಿಂದ ಈಗ ಖರ್ಚಿಲ್ಲದೆ ಕೇಳಿ ನೋಡಬಹುದು, ಇಷ್ಟವಾದರೆ ಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಎಲ್‌ಪಿ ಕೊಳ್ಳುವವರು ‘ಕಾನ್ಫರೆನ್ಸ್’ ಟ್ರ್ಯಾಕನ್ನು ಹಾಕಿಸಿ ಕೇಳಿಯೇ ತೆಗೆದುಕೊಳ್ಳಿ. ಶುರುವಿನ ಆ ಒಂಟಿ ಬೇಸಿನ ಹಿಂದೆ ಒಂದೇ ಒಂದು ಗೀರಿದ್ದರೂ ಪಟಪಟ ಅಂತ ಕೇಳುತ್ತದೆ, ಆಮೇಲೆ ಎಷ್ಟು ಒರೆಸಿದರೂ ಹೋಗುವುದಿಲ್ಲ.

ಯಾರಿಗೆ ಇದು ಬೇಡ? ಜಾಝ್ ಅಂದರೆ ರಾತ್ರಿ ಊಟದ ಜೊತೆ ಹಿತವಾಗಿ ಕೇಳಿಸುವ ಪಿಯಾನೋ ಅಂದುಕೊಂಡವರಿಗೆ ಬೇಡ. ಓದುತ್ತಾ, ಕೆಲಸ ಮಾಡುತ್ತಾ ಹಿಂದೆ ಏನಾದರೂ ಹಾಕಿಕೊಳ್ಳುವ ಅಭ್ಯಾಸ ಇರುವವರಿಗೂ ಬೇಡ, ಈ ಸಂಗೀತ ಹಿಂದೆ ಕೂರುವುದಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೋದ ಅರ್ಧ ಮಾರ್ಕು ಆ ಎರಡನೆಯ ಟ್ರ್ಯಾಕಿನ ಜಾಗಕ್ಕೆ.

ಇದು ಜಾಸ್ತಿಯಾಯಿತು, ಆದರೆ ಹಾಲೆಂಡ್ ಇಷ್ಟವಾದರು ಅನ್ನುವವರು ‘ಪ್ರೈಮ್ ಡೈರೆಕ್ಟಿವ್’ ಹುಡುಕಿ. ಅದೂ ಇಸಿಎಂನದ್ದೇ, 1998ರ ಡಿಸೆಂಬರಿನಲ್ಲಿ ರೆಕಾರ್ಡ್ ಆದದ್ದು. ಐದು ಜನರ ತಂಡ: ಕ್ರಿಸ್ ಪಾಟರ್ ಸ್ಯಾಕ್ಸ್, ರಾಬಿನ್ ಯೂಬ್ಯಾಂಕ್ಸ್ ಟ್ರಾಂಬೋನ್, ಸ್ಟೀವ್ ನೆಲ್ಸನ್ ವೈಬ್ರಾಫೋನ್ (ಮರಿಂಬಾ ಥರದ್ದೇ, ಪಟ್ಟಿಗಳು ಲೋಹದ್ದು), ಬಿಲ್ಲಿ ಕಿಲ್ಸನ್ ಡ್ರಮ್ಸ್. ಅಲ್ಲೂ ಪಿಯಾನೋ ಇಲ್ಲ, ಆದರೆ ವೈಬ್ರಾಫೋನ್ ಇರುವುದರಿಂದ ಅಷ್ಟು ಖಾಲಿ ಅನಿಸುವುದಿಲ್ಲ, ಲಯವೂ ಫಂಕಿನ ಹತ್ತಿರ. ಇಪ್ಪತ್ತಾರು ವರ್ಷ ಕಳೆದರೂ ಹಾಲೆಂಡ್ ಮಾಡುತ್ತಿದ್ದದ್ದು ಅದೇ ಕೆಲಸ: ರಾಗ ಬರೆದು, ಕೆಳಗೆ ನಿಂತು, ಉಳಿದವರನ್ನು ಮುಂದೆ ಬಿಡುವುದು. ನಮ್ಮ ಕಡೆಯಿಂದ ಹೋಗುವ ದಾರಿ ಬೇಕು ಅನ್ನುವವರಿಗೆ 2019ರ ‘ಗುಡ್ ಹೋಪ್’ ಇದೆ, ಹಾಲೆಂಡ್, ಪಾಟರ್ ಜೊತೆಗೆ ತಬಲಾದಲ್ಲಿ ಝಾಕಿರ್ ಹುಸೇನ್. ತಬಲಾ ಇರುವಾಗ ಡ್ರಮ್ಸ್ ಇಲ್ಲ, ಹಾಗಾಗಿ ಬೇಸ್ ಇನ್ನೂ ಬಿಡಿಬಿಡಿಯಾಗಿ ಕೇಳುತ್ತದೆ. ಅದನ್ನು ಮೊದಲು ಕೇಳಿ ಇಲ್ಲಿಗೆ ಬಂದರೂ ನಡೆಯುತ್ತದೆ.